ಹಸಿರು ಹುಳುವಿನ ಮೇಲೆ ಪ್ರೆಬೆನ್ ಕಟ್ಟಿದ ಪಂದ್ಯ

ನನ್ನ ಗಂಡ ಪ್ರೆಬೆನ್ ನಲವತ್ತಾರು ವರ್ಷ ಮನೆಗಳಿಗೆ ಬಣ್ಣ ಹೊಡೆದು ಬದುಕಿದವನು. ಅವನಿಗೆ ಹಸಿರು, ಕಂದು, ಇಟ್ಟಿಗೆಗೆಂಪು ಮೂರೂ ಒಂದೇ. ಹುಟ್ಟಿದಾಗಿನಿಂದ ಹಾಗೆ. ಈ ಸಂಗತಿ ಹೋದ ಜುಲೈವರೆಗೆ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ನನಗೆ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ನನಗಾದರೂ ಹೇಗೆ ಗೊತ್ತಾಯಿತು ಎಂದರೆ, ನಮ್ಮ ಮದುವೆಯಾದ ಎರಡನೆಯ ವರ್ಷ ನೆಲಮಾಳಿಗೆಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ನೋಡಿದರೆ ಬಣ್ಣದ ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ಕಿತ್ತುಬಂದು ನೆಲಕ್ಕೆ ಅಂಟಿದ್ದವು. ಪ್ರೆಬೆನ್ ಒಂದು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಎರಡು ಡಬ್ಬಿಗಳ ಮುಚ್ಚಳ ತೆಗೆದಿತ್ತು.

"ಬೋದಿಲ್, ಇದರಲ್ಲಿ ಪಾದ್ರಿಗಳ ಮನೆ ಬಾಗಿಲಿಗೆ ಹೊಡಿಯೋ ಹಸಿರು ಯಾವ್ದು?" ಎಂದು ಕೇಳಿದ.

"ಕಣ್ಣೆದುರಿಗೇ ಇದ್ಯಲ್ಲ."

"ಇದೆ. ಎರಡಿದೆ."

ಒಂದು ಹಸಿರು. ಇನ್ನೊಂದು ದನದ ಕೊಟ್ಟಿಗೆಗೆ ಹೊಡೆಯುವ ಕೆಂಪು. ನಾನು ಮೊದಲು ನಕ್ಕೆ. ಅವನು ನಗಲಿಲ್ಲ. ಆಗ ನಾನೂ ಇನ್ನೊಂದು ಬಕೆಟ್ ಬೋರಲು ಹಾಕಿ ಅವನ ಪಕ್ಕ ಕೂತೆ. ಅಂದಿನಿಂದ ಪ್ರತಿ ಮುಚ್ಚಳದ ಮೇಲೂ ಪೆನ್ಸಿಲ್‌ನಲ್ಲಿ ಬಣ್ಣದ ಹೆಸರು ಬರೆದಿಡುವುದು ನನ್ನ ಕೆಲಸವಾಯಿತು. ಅವನು ಏಳುವ ಮೊದಲೇ ಆ ದಿನದ ಡಬ್ಬಿಗಳು ಬಾಗಿಲ ಬಳಿ ಇರುತ್ತಿದ್ದವು. ಯಾರಾದರೂ ಮನೆಯೊಡತಿ, "ಈ ಹಸಿರು ಇನ್ನೂ ಸ್ವಲ್ಪ ಎಳೆಯದಾಗಿರಬೇಕಿತ್ತೇನೋ" ಎಂದು ರಾಗ ತೆಗೆದರೆ ಪ್ರೆಬೆನ್ ಕಿಟಕಿಯ ಕಡೆ ನೋಡಿ, "ಇವತ್ತು ಬೆಳಕು ಸರಿಯಿಲ್ಲ, ನಾಳೆ ಹೇಳ್ತೀನಿ" ಎನ್ನುತ್ತಿದ್ದ. ಮೋಡ ಕವಿದೇ ಇರುವ ಡೆನ್ಮಾರ್ಕಿನಲ್ಲಿ ಬೆಳಕು ಸರಿಯಿಲ್ಲ ಎಂದರೆ ಯಾರೂ ವಾದಕ್ಕೆ ಬರುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದು ಚೂರು ಹಲಗೆಯ ಮೇಲೆ ಬಣ್ಣ ತಂದು ನನಗೆ ತೋರಿಸುತ್ತಿದ್ದ. ಊರವರೆಲ್ಲ, ಪ್ರೆಬೆನ್ ಆತುರದ ಮನುಷ್ಯನಲ್ಲ, ಬಣ್ಣದ ಬಗ್ಗೆ ಒಂದು ರಾತ್ರಿ ಯೋಚಿಸಿಯೇ ಹೇಳುವವನು ಎಂದು ಹೊಗಳುತ್ತಿದ್ದರು. ಯೋಚಿಸುತ್ತಿದ್ದವಳು ನಾನು, ಆಲೂಗಡ್ಡೆ ಸುಲಿಯುತ್ತಾ.

ಆದರೆ ಇದೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಬಿಳಿಯಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹನ್ನೊಂದು ತರಹದ ಬಿಳಿಯನ್ನು ದೂರದಿಂದ ಬೇರೆ ಮಾಡಿ ಹೇಳುತ್ತಿದ್ದ. ಕಿಟಕಿಯ ಚೌಕಟ್ಟಿಗೆ ಟೇಪು ಅಂಟಿಸದೆ ಬಣ್ಣ ಎಳೆದರೆ ಗಾಜಿಗೆ ಒಂದು ಹನಿ ತಾಗುತ್ತಿರಲಿಲ್ಲ. ಆ ಕೈ ಅವನ ಅಪ್ಪನಿಂದ ಬಂದದ್ದು.

ಅವನ ಅಪ್ಪ ಆಕ್ಸೆಲ್ ಸ್ಟೆನ್ಬ್ರೋ ಊರಿನವರು. ಅದು ರೈಲಿನವರ ಊರು. ಅರ್ಧ ಊರು ರೈಲು ಡಬ್ಬಿ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿತ್ತು, ಆಕ್ಸೆಲ್ ಅಲ್ಲಿ ಬಣ್ಣದವರು. ಊರ ಹೊರಗೆ ಬಿರ್ಕೆಲುಂದ್ ಎಂಬ ಸಣ್ಣ ಆಟದ ಪಾರ್ಕ್ ಇತ್ತು. ಚಳಿಗಾಲದಲ್ಲಿ ಪಾರ್ಕ್ ಮುಚ್ಚಿದಾಗ ಅಲ್ಲಿನ ಆಟದ ಯಂತ್ರಗಳನ್ನೆಲ್ಲ ಕೆರೆದು ಹೊಸ ಬಣ್ಣ ಹೊಡೆಯುವುದು ವಾಡಿಕೆ. ಆಕ್ಸೆಲ್ ಭಾನುವಾರಗಳಲ್ಲಿ ಅದನ್ನು ಮಾಡುತ್ತಿದ್ದರು, ಏಳೆಂಟು ವರ್ಷದ ಪ್ರೆಬೆನ್ ಡಬ್ಬಿ ಹಿಡಿದುಕೊಂಡು ನಿಲ್ಲುತ್ತಿದ್ದ. ಕೂಲಿ ಏನೆಂದರೆ, ಬೇಸಿಗೆಯಿಡೀ ಆ ಹುಡುಗ ಎಷ್ಟು ಸಲ ಬೇಕಾದರೂ ಬಿಟ್ಟಿಯಾಗಿ ಆಡಬಹುದು.

ಅವನು ಆಡಿದ್ದು ಒಂದೇ, ಕೋಸಿನ ಹುಳು. ಒಂದರ ಹಿಂದೊಂದು ಜೋಡಿಸಿದ ಹದಿನಾಲ್ಕು ಪುಟ್ಟ ಗಾಡಿಗಳು, ಉಬ್ಬು ತಗ್ಗಿನ ದುಂಡು ಹಳಿಯ ಮೇಲೆ ಹುಳುವಿನ ಹಾಗೆ ಏಳುತ್ತ ಬೀಳುತ್ತ ಸುತ್ತುತ್ತವೆ. ವೇಗ ಏರಿದಾಗ ಇದ್ದಕ್ಕಿದ್ದಂತೆ ಪಕ್ಕದಿಂದ ಕ್ಯಾನ್ವಾಸಿನ ಮುಸುಕು ಎದ್ದು ಎಲ್ಲರ ತಲೆಯ ಮೇಲೆ ಮುಚ್ಚಿಕೊಳ್ಳುತ್ತದೆ. ಒಳಗೆ ಕತ್ತಲು, ಕಿರುಚಾಟ. ಪ್ರಾಯದವರು ಯಾಕೆ ಹೋಗುತ್ತಿದ್ದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೆಬೆನ್‌ಗೆ ಹತ್ತೊಂಬತ್ತು ಆಗುವ ಹೊತ್ತಿಗೆ ಪಾರ್ಕ್ ಮುಚ್ಚಿತು, ಹುಳುವನ್ನು ಯಾರೋ ಕೊಂಡು ಎಲ್ಲಿಗೋ ಸಾಗಿಸಿದರು. ಆಮೇಲೆ ಅದು ನಮ್ಮ ಮನೆಯ ಮಾತಿನಲ್ಲಿ ಮಾತ್ರ ಉಳಿಯಿತು. "ನನ್ನ ಹಸಿರು ಹುಳು" ಎಂದು ಅವನು ಶುರು ಮಾಡಿದರೆ ಮಗಳು ಲೋನೆ, "ಅಪ್ಪ, ಚಿಕ್ಕಂದಿನಿಂದ ನಾನು ಆಲೂಗಡ್ಡೆಗಿಂತ ಹೆಚ್ಚು ಆ ಹುಳ ತಿಂದಿದೀನಿ" ಎನ್ನುತ್ತಿದ್ದಳು.

ಈಗ ಹೋದ ವರ್ಷದ ಮಾತು. ಪ್ರೆಬೆನ್‌ಗೆ ಎಪ್ಪತ್ತಾರು. ನಮ್ಮಲ್ಲಿ ಎಪ್ಪತ್ತೈದು ದಾಟಿದವರ ಮನೆಗೆ ಪುರಸಭೆಯವರು ಬಂದು ಹೇಗಿದ್ದೀರಿ ಎಂದು ವಿಚಾರಿಸುತ್ತಾರಲ್ಲ, ಹಾಗೆ ಬಂದ ಹೆಂಗಸಿಗೆ ಇವನು ಕಾಫಿ ಕೊಟ್ಟು ಎರಡು ಗಂಟೆ ಅವಳ ಮನೆಯ ಕಿಟಕಿಗಳ ಯೋಗಕ್ಷೇಮ ವಿಚಾರಿಸಿ ಕಳಿಸಿದ್ದ. ಆದರೆ ವಸಂತದಲ್ಲಿ ಎರಡು ಸಲ ಎಡವಟ್ಟಾಯಿತು. ಒಮ್ಮೆ ಅಂಗಡಿಗೆ ಸೈಕಲ್‌ನಲ್ಲಿ ಹೋದವನು ಬಸ್ಸಿನಲ್ಲಿ ಮನೆಗೆ ಬಂದ. ಇನ್ನೊಮ್ಮೆ ಒಲೆಯ ಮೇಲಿಟ್ಟ ಪಾತ್ರೆ ಮರೆತು ಸುಟ್ಟ. ಲೋನೆ ವೃದ್ಧಾಶ್ರಮದಲ್ಲಿ ನರ್ಸು. ಮರೆವು ಹೇಗೆ ಶುರುವಾಗುತ್ತದೆ ಎಂದು ದಿನಾ ನೋಡುವವಳು. ಅವಳ ಮಗಳು ಸಿಲ್ಯೆಗೆ ಒಂಬತ್ತು ವರ್ಷ, ಪ್ರತಿ ಬೇಸಿಗೆ ರಜೆಯಲ್ಲಿ ಮೂರು ವಾರ ನಮ್ಮ ಮನೆಯಲ್ಲಿರುತ್ತಾಳೆ. ಅಜ್ಜ ಮೊಮ್ಮಗಳು ಪುಟ್ಟ ದೋಣಿಯಲ್ಲಿ ಫ್ಯೋರ್ಡಿಗೆ, ಅಂದರೆ ಒಳನಾಡಿಗೆ ಚಾಚಿದ ಕಡಲಿಗೆ, ಹೋಗಿ ಚಪ್ಪಟೆ ಮೀನು ಹಿಡಿಯುತ್ತಾರೆ. ಪ್ರೆಬೆನ್ ವರ್ಷದ ಉಳಿದ ನಲವತ್ತೊಂಬತ್ತು ವಾರ ಬದುಕುವುದು ಆ ಮೂರು ವಾರಕ್ಕಾಗಿ ಎಂದರೂ ತಪ್ಪಿಲ್ಲ.

ಜುಲೈನಲ್ಲಿ ಸಿಲ್ಯೆಯನ್ನು ಬಿಡಲು ಬಂದ ಲೋನೆ ಹೇಳಿಯೇಬಿಟ್ಟಳು. "ಅಪ್ಪ, ಡಾಕ್ಟರ ಹತ್ರ ನೆನಪಿನ ಪರೀಕ್ಷೆ ಮಾಡಿಸ್ಕೋ. ಅಲ್ಲೀವರ್ಗೂ ಮಗೂನ ದೋಣೀಲಿ ಕರ್ಕೊಂಡು ಹೋಗೋದು ಬೇಡ."

"ನನ್ನ ನೆನಪಿಗೇನಾಗಿದೆ?"

"ಅದನ್ನೇ ಪರೀಕ್ಷೆ ಮಾಡ್ಸು ಅಂತಿರೋದು."

"ಸೈಕಲ್ ಮರ್ತಿದ್ದಕ್ಕೆ ದೋಣಿ ಕಿತ್ಕೋತೀಯ. ನಾಳೆ ಟೋಪಿ ಮರೆತ್ರೆ ಮನೆ ಕಿತ್ಕೋತೀಯೇನೋ."

ಅಷ್ಟೆಂದವನೇ ಹಿತ್ತಿಲಿಗೆ ಹೋಗಿ ಆಗಲೇ ಎಣ್ಣೆ ಹಚ್ಚಿದ್ದ ದೋಣಿಯ ಹುಟ್ಟುಗಳಿಗೆ ಮತ್ತೆ ಎಣ್ಣೆ ಹಚ್ಚಿದ. ಡಾಕ್ಟರ ಹತ್ತಿರ ಹೋಗಲು ಅವನಿಗೆ ಹಟ ಅಡ್ಡವಾಗಿತ್ತು ಎಂದು ಲೋನೆ ತಿಳಿದಳು. ಹಟವಲ್ಲ, ಅಂಜಿಕೆ. ಅಲ್ಲಿ ಏನಾದರೂ ಹೌದು ಎಂದುಬಿಟ್ಟರೆ ಎಂಬ ಅಂಜಿಕೆ.

ಮನೆಯ ಗಾಳಿ ತಿಳಿಯಾಗಲಿ ಎಂದು ಶನಿವಾರ ಲೋನೆ ನಮ್ಮೆಲ್ಲರನ್ನೂ ಪಶ್ಚಿಮ ಕಡಲಿನ ಕಡೆಯ ಒಂದು ಪಾರ್ಕಿಗೆ ಕರೆದುಕೊಂಡು ಹೋದಳು. ನಾವು ಯಾರೂ ಅಲ್ಲಿಗೆ ಮೊದಲು ಹೋದವರಲ್ಲ. ನಾನು ಬುಟ್ಟಿ ಕಟ್ಟಿದ್ದೆ, ಮಾಂಸದ ಉಂಡೆ, ರೈ ರೊಟ್ಟಿ, ಸೌತೆಕಾಯಿ ಉಪ್ಪಿನಕಾಯಿ, ಎರಡು ಫ್ಲಾಸ್ಕ್ ಕಾಫಿ. ಉಪ್ಪಿನಕಾಯಿ ಈ ಸಲ ಸ್ವಲ್ಪ ಸಿಹಿಯಾಗಿತ್ತು, ಅದು ಬೇರೆ ಮಾತು. ಬೆಂಚು ಸಿಕ್ಕಿತು, ಕಾಫಿ ಬಗ್ಗಿಸಿದೆ. ಪ್ರೆಬೆನ್ ಲೋಟ ಬಾಯಿಗೆ ಇಟ್ಟವನು ಹಾಗೇ ನಿಂತುಬಿಟ್ಟ.

"ಕೇಳಿಸ್ತಾ?" ಎಂದ.

ಮರಗಳ ಆಚೆಯಿಂದ ಧಡ್, ಧಡ್, ಆಮೇಲೆ ಬಾಗಿಲು ಎಳೆದ ಹಾಗೆ ಒಂದು ಉದ್ದನೆಯ ಕಿರ್ರ್, ಮತ್ತೆ ಧಡ್ ಎಂದು ಸದ್ದು ಬರುತ್ತಿತ್ತು.

"ಅದು ನನ್ನ ಹುಳು," ಎಂದು ಪ್ರೆಬೆನ್ ಲೋಟ ಕೆಳಗಿಟ್ಟು ನಡೆದೇಬಿಟ್ಟ. ಎಪ್ಪತ್ತಾರರ ಮನುಷ್ಯ, ಸೊಂಟ ಹಿಡಿದವನು, ಮಕ್ಕಳ ಗಾಡಿಗಳ ನಡುವೆ ನುಗ್ಗಿಕೊಂಡು. ನಾವು ಹಿಂದೆ ಓಡಿದೆವು.

ಅಲ್ಲಿದ್ದದ್ದು ಸಮುದ್ರ ಸರ್ಪ. ಮುಂದಿನ ಗಾಡಿಗೆ ಹಲ್ಲು ಕಿರಿದ ತಲೆ, ಮೈಯೆಲ್ಲ ನೀಲಿ, ಅದರ ಮೇಲೆ ಹಳದಿ ಚುಕ್ಕೆ, ಮುಸುಕು ಕೂಡ ನೀಲಿ. ಲೋನೆ ತಾಳ್ಮೆಯಿಂದ ಹೇಳಿದಳು. "ಅಪ್ಪ, ಇಂಥವು ದೇಶದಲ್ಲಿ ಎಷ್ಟೋ ಇದ್ದಾವೆ."

"ಎರಡನೇ ಉಬ್ಬಿನ ಮೇಲೆ ಕಿರ್ರ್ ಅನ್ನೋದು ಒಂದೇ ಇರೋದು. ನಮ್ಮಪ್ಪ ಅದಕ್ಕೆ ಎಷ್ಟು ಎಣ್ಣೆ ಬಿಟ್ರೂ ಹೋಗ್ಲಿಲ್ಲ."

"ಐವತ್ತೇಳು ವರ್ಷದ ಹಿಂದಿನ ಸದ್ದು ನಿಂಗೆ ನೆನಪಿದ್ಯಾ? ಈ ವಸಂತದಲ್ಲಿ ಸೈಕಲ್ ನೆನಪಿರ್ಲಿಲ್ಲ."

ಅವಳು ತಮಾಷೆಗೇ ಅಂದದ್ದು. ಆದರೆ ಪ್ರೆಬೆನ್‌ನ ಕಿವಿ ಕೆಂಪಾಯಿತು. "ಸರಿ. ಪಂದ್ಯ ಕಟ್ಟೋಣ. ಈ ನೀಲಿ ಕೆರೆದು ತಳಕ್ಕೆ ಹೋದ್ರೆ ಹಸಿರು ಸಿಗತ್ತೆ. ನಮ್ಮಪ್ಪ ಹೊಡೆದ ಹಸಿರು, ಡಬ್ಬಿ ಹಿಡ್ಕೊಂಡಿದ್ದವನು ನಾನು. ಸಿಕ್ಕಿದ್ರೆ ನನ್ನ ತಲೆ ಸರಿಯಿದೆ, ದೋಣಿ ನಂದು. ಸಿಗದಿದ್ರೆ ಸೋಮವಾರ ನಾನೇ ಡಾಕ್ಟರ ಹತ್ರ ಹೋಗ್ತೀನಿ, ಹುಟ್ಟುಗಳನ್ನ ನಿನ್ನ ಕೈಗೆ ಕೊಡ್ತೀನಿ."

"ಆಯ್ತು," ಎಂದಳು ಲೋನೆ.

ಹಸಿರಂತೆ. ಇವನ ಬಾಯಲ್ಲಿ ಹಸಿರು ಎಂದರೆ ಏನು ಬೇಕಾದರೂ ಆಗಿರಬಹುದು. ನಾನು ಬೆಳೆದದ್ದು ಬೇರೆ ಊರಲ್ಲಿ, ಆ ಹುಳುವನ್ನು ಕಂಡವಳಲ್ಲ. ಅವನ ತೋಳು ಚಿವುಟಿದೆ. "ಬಿಡು ಪ್ರೆಬೆನ್, ಕಾಫಿ ಆರಿಹೋಗತ್ತೆ."

"ಆರಲಿ ಬಿಡು ಮಾರಾಯ್ತಿ."

"ಐಸ್‌ಕ್ರೀಮ್ ತಿನ್ನೋಣ. ಸಿಲ್ಯೆ, ನಿಂಗೆ ಐಸ್‌ಕ್ರೀಮ್ ಬೇಡ್ವಾ?"

"ಆಮೇಲೆ ಅಜ್ಜಿ. ಮೊದ್ಲು ಪಂದ್ಯ," ಎಂದಳು ಆ ಹುಡುಗಿ. ಅದೂ ಅಜ್ಜನ ತಳಿಯೇ.

ಅಲ್ಲಿನ ಯಂತ್ರ ನೋಡಿಕೊಳ್ಳುವ ಹೋಲ್ಗರ್ ಎಂಬಾತ, ಅರವತ್ತರ ಆಸುಪಾಸಿನ ದಪ್ಪ ಮೀಸೆಯ ಮನುಷ್ಯ, ಪ್ರೆಬೆನ್ ಹೇಳಿದ್ದನ್ನೆಲ್ಲ ಕೇಳಿ ಮೀಸೆ ತಿರುವಿದ. "ಕೆರೀಬೇಕಾ? ಕೆರೀರಿ ಯಜಮಾನ್ರೇ. ಹೇಗೂ ಈ ಚಳಿಗಾಲಕ್ಕೆ ಹೊಸ ಬಣ್ಣ. ಆದ್ರೆ ಊಟದ ವಿರಾಮ ಅರ್ಧ ಗಂಟೆ ಅಷ್ಟೇ. ಒಂಬತ್ತನೇ ಗಾಡಿಯ ಅಡಿ ಅಂಚಿಗೆ ಮಾಡಿ, ಯಾರಿಗೂ ಕಾಣಲ್ಲ." ಒಂದು ತುಂಡು ಸ್ಯಾಂಡ್‌ಪೇಪರನ್ನೂ ಒಂದು ಬಾಟಲಿ ನೀರನ್ನೂ ತಾನೇ ತಂದುಕೊಟ್ಟ.

ಪ್ರೆಬೆನ್ ಕೆರೆಯಲಿಲ್ಲ. ಕಸುಬು ಬಲ್ಲವರು ಕೆರೆಯುವುದಿಲ್ಲ. ಸ್ಯಾಂಡ್‌ಪೇಪರನ್ನು ನೀರಲ್ಲಿ ಅದ್ದಿ ಹೆಬ್ಬೆರಳಿನ ತುದಿಯಷ್ಟು ಜಾಗದಲ್ಲಿ ದುಂಡಗೆ, ಮೆಲ್ಲಗೆ ಉಜ್ಜಿದ. ನಡುವೆ ಆಳ, ಸುತ್ತ ಇಳಿಜಾರು. ಆಗ ಒಂದೊಂದು ಸಲ ಹೊಡೆದ ಬಣ್ಣವೂ ಮರದ ಕಾಂಡದೊಳಗಿನ ಬಳೆಯ ಹಾಗೆ ಸುತ್ತು ಸುತ್ತಾಗಿ ಮೇಲೆ ಬರುತ್ತದೆ. ನೀಲಿ, ಬಿಳಿ, ಇನ್ನೊಂದು ನೀಲಿ, ಕಿತ್ತಳೆ, ಹಳದಿ, ಬೂದಿ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ನಡುವಿನಲ್ಲಿ ಕಾಳುಮೆಣಸಿನಷ್ಟು ಕೊನೆಯ ಬಣ್ಣ ಕಂಡಾಗ ಬೆರಳಿಂದ ಒರೆಸಿ ಹಿಂದಕ್ಕೆ ಕೂತ.

"ನೋಡಿ," ಎಂದ. "ಹಸಿರು."

ನಾವು ಮೂವರೂ ಬಗ್ಗಿದೆವು. ಅದು ಕಂದು. ಕೆಂಪು ಬೆರೆತ ಕಂದು, ಹಳೆ ಇಟ್ಟಿಗೆಯ ಹಾಗೆ.

ಲೋನೆ ಅಪ್ಪನ ಭುಜದ ಮೇಲೆ ಕೈಯಿಟ್ಟು, "ಹೌದಪ್ಪ. ಹಸಿರೇ. ನೀನು ಹೇಳಿದ್ದು ಸರಿ," ಎಂದಳು.

ಆ ದನಿ ನನಗೆ ಗೊತ್ತು, ಅವನಿಗೂ ಗೊತ್ತು. ಆಶ್ರಮದಲ್ಲಿ ಒಬ್ಬಳು ಮುದುಕಿ, ಅಮ್ಮ ಬಂದಳಾ, ಎಂದು ದಿನಾ ಕೇಳಿದಾಗ ಲೋನೆ ಇದೇ ದನಿಯಲ್ಲಿ, ಈಗ ಬರ್ತಾಳೆ, ಎನ್ನುವುದು. ಪ್ರೆಬೆನ್‌ನ ಮುಖದಿಂದ ನಗು ಇಳಿದುಹೋಯಿತು. ಅವನು ಆ ಕಾಳುಮೆಣಸಿನಷ್ಟು ಬಣ್ಣವನ್ನು ಮತ್ತೊಮ್ಮೆ ನೋಡಿದ, ನನ್ನನ್ನು ನೋಡಿದ.

"ಅಮ್ಮ, ಯಾಕೆ ಸುಳ್ಳು ಹೇಳ್ತೀಯ? ಅದು ಕಂದು," ಎಂದಳು ಸಿಲ್ಯೆ. "ಅಜ್ಜಂಗೆ ಅದು ಗೊತ್ತಾಗಲ್ಲ ಅಷ್ಟೆ. ಲೂಡೋ ಆಡುವಾಗ ಯಾವಾಗ್ಲೂ ತನ್ನ ಹಸಿರು ಕಾಯಿ ಅಂತ ನನ್ನ ಕೆಂಪು ಕಾಯೀನ ಮುಂದೆ ನಡೆಸ್ತಾನೆ. ನಾನು ಏನೂ ಅನ್ನಲ್ಲ, ನಂಗೇ ಲಾಭ."

ಲೋನೆ ನನ್ನ ಕಡೆ ತಿರುಗಿದಳು. "ಅಮ್ಮ?"

ನಲವತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವಳು ನಾನು. ಅವನ ಅಪ್ಪಣೆಯಿಲ್ಲದೆ ಹೇಗೆ ತೆಗೆಯಲಿ. ಪ್ರೆಬೆನ್ ಗಾಡಿಯ ಅಂಚು ಹಿಡಿದು ಎದ್ದು ನಿಂತ, ಮಂಡಿಯ ಮಣ್ಣು ಒರೆಸಿಕೊಂಡ. "ಹೇಳಿಬಿಡು ಬೋದಿಲ್. ನನ್ನ ತಲೆ ಕೆಟ್ಟಿದೆ ಅನ್ನಿಸ್ಕೊಳ್ಳೋದಕ್ಕಿಂತ ಕಣ್ಣು ಕೆಟ್ಟಿದೆ ಅನ್ನಿಸ್ಕೊಳ್ಳೋದು ವಾಸಿ."

ನಾನು ಹೇಳಿದೆ. ನೆಲಮಾಳಿಗೆಯ ನೀರು, ಬೋರಲು ಬಕೆಟ್ಟು, ಮುಚ್ಚಳದ ಪೆನ್ಸಿಲ್ ಬರಹ, ಎಲ್ಲ. ಲೋನೆ ಮೊದಲು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಸಮುದ್ರ ಸರ್ಪದ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹಾಗಾದ್ರೆ ನನ್ನ ಕೋಣೆಯ ಗೋಡೆ..."

"ಆ ವಾರ ನಾನು ನನ್ನ ಅಕ್ಕನ ಮನೆಗೆ ಹೋಗಿದ್ದೆ," ಎಂದೆ.

"ಹಸಿರು ಬೇಕು ಅಂದಿದ್ದಕ್ಕೆ ಎಂಟು ವರ್ಷ ನಾನು ಸಾಸಿವೆ ಹಳದಿ ಕೋಣೇಲಿ ಮಲಗಿದೀನಿ. ಕೇಳಿದ್ರೆ, ಬೆಳಕು ಸರಿಯಿಲ್ಲ ಅಂದ್ರಿ ಇಬ್ಬರೂ."

"ಸರಿಯಿರ್ಲಿಲ್ಲ," ಎಂದ ಪ್ರೆಬೆನ್. ಅವಳು ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು.

ಇಷ್ಟರಲ್ಲಿ ಹೋಲ್ಗರ್ ಕನ್ನಡಕ ಹಾಕಿಕೊಂಡು ಆ ಗುಳಿಯನ್ನೇ ನೋಡುತ್ತಿದ್ದ. "ಕಂದೂ ಅಲ್ಲ ಇದು," ಎಂದ. "ರೈಲಿನ ಕೆಂಪು. ನಮ್ಮಪ್ಪ ಗಾರ್ಡ್ ಆಗಿದ್ರು, ಈ ಬಣ್ಣ ನೋಡ್ಕೊಂಡೇ ಬೆಳೆದವನು ನಾನು. ಆದ್ರೆ ಆಟದ ಗಾಡಿಗೆ ರೈಲಿನ ಬಣ್ಣ ಯಾವ ಪುಣ್ಯಾತ್ಮ ಹೊಡೀತಾನೆ?"

ಪ್ರೆಬೆನ್ ಆ ಗುಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ರೈಲು ಕಾರ್ಖಾನೇಲಿ ಕೆಲಸ ಮಾಡೋನು," ಎಂದ ಮೆಲ್ಲಗೆ. "ಡಬ್ಬಿ ತಳದಲ್ಲಿ ಉಳಿದಿದ್ದನ್ನ ಅಪ್ಪನಿಗೆ ಕೊಡ್ತಿದ್ರು. ಊಟದ ಡಬ್ಬದಲ್ಲಿ ತುಂಬ್ಕೊಂಡು ಬರೋರು. ಆ ಬಣ್ಣವೇ ಇದು. ಕೋಸಿನ ಹುಳ ಅಂದ್ರಲ್ಲ ಎಲ್ಲಾ, ಹಸಿರೇ ಇರ್ಬೇಕು ಅಂದ್ಕೊಂಡೆ. ಬಣ್ಣ ಯಾವುದು ಅಂತ ಯಾರು ಯಾರನ್ನ ಕೇಳ್ತಾರೆ?"

ಸಿಲ್ಯೆ ಕೇಳಿದಳು, "ಅಂದ್ರೆ ಇದು ಅದೇ ಹುಳಾನಾ?"

"ಅದೇ," ಎಂದ ಹೋಲ್ಗರ್. "ಹಸಿರು ಸಿಕ್ಕಿದ್ರೆ ನಾನು ನಂಬ್ತಿರ್ಲಿಲ್ಲ. ಹಸಿರು ಹುಳ ಎಲ್ಲಾ ಕಡೆ ಇರತ್ತೆ. ಹತ್ತಿ ಯಜಮಾನ್ರೇ, ಈ ಸುತ್ತು ನಿಮ್ಮದೇ. ಬೇರೆಯವರು ಕಾಯ್ಲಿ."

ಪ್ರೆಬೆನ್ ಒಂಬತ್ತನೇ ಗಾಡಿಯನ್ನೇ ಆರಿಸಿಕೊಂಡ. ನಾನು ಬರುವುದಿಲ್ಲ ಎಂದೆ, ಕೈ ಹಿಡಿದು ಎಳೆದ. ಲೋನೆ ಮತ್ತು ಸಿಲ್ಯೆ ಹಿಂದಿನ ಗಾಡಿಯಲ್ಲಿ. ಎರಡನೆಯ ಉಬ್ಬಿನ ಮೇಲೆ ಕಿರ್ರ್ ಎಂದಾಗ ಅವನು ನನ್ನ ಮಂಡಿಗೆ ಹೊಡೆದು, "ಕೇಳಿದ್ಯಾ? ಕೇಳಿದ್ಯಾ?" ಎಂದ. ಮುಸುಕು ಬಂದು ಮುಚ್ಚಿಕೊಂಡಾಗ ಏನಾಯಿತು ಎಂದು ನಾನು ಹೇಳುವುದಿಲ್ಲ. ಹಿಂದಿನಿಂದ ಸಿಲ್ಯೆ ಮಾತ್ರ, "ಅಮ್ಮ, ಅಜ್ಜಿ ನಗ್ತಿದಾಳೆ," ಎಂದು ಕಿರುಚಿದಳು. ಮೂರು ಸುತ್ತು ಹಾಕಿದೆವು. ನಾಲ್ಕನೆಯದಕ್ಕೆ ನನ್ನ ಸೊಂಟ ಒಪ್ಪಲಿಲ್ಲ, ಅವನೂ ಸಿಲ್ಯೆಯೂ ಹೋದರು.

ಬೆಂಚಿಗೆ ವಾಪಸು ಬಂದು ಮಾಂಸದ ಉಂಡೆ ಹಂಚುವಾಗ ಲೋನೆ ಇದ್ದಕ್ಕಿದ್ದಂತೆ ರೊಟ್ಟಿ ಕೆಳಗಿಟ್ಟಳು. "ಒಂದು ನಿಮಿಷ. ಫ್ಯೋರ್ಡಲ್ಲಿ ದೊಡ್ಡ ಹಡಗಿನ ದಾರಿ ತೋರಿಸೋಕೆ ತೇಲೋ ಗುರುತು ಇಟ್ಟಿರ್ತಾರಲ್ಲ. ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ಅಪ್ಪ, ಇಷ್ಟು ವರ್ಷ ಅವನ್ನ ಹೇಗೆ ನೋಡ್ಕೊಂಡು ಹೋಗ್ತಿದ್ದೆ?"

ನೋಡಿ, ಒಂದು ಕಡೆಯಿಂದ ಬಿಡಿಸಿಕೊಂಡರೆ ಇನ್ನೊಂದು ಕಡೆ ಸಿಕ್ಕಿಕೊಂಡ. ಆದರೆ ಪ್ರೆಬೆನ್ ಅಗಿಯುತ್ತಲೇ ಹೇಳಿದ. "ಹಸಿರಿಗೆ ಚೂಪು ತಲೆ, ಕೆಂಪಿಗೆ ಚಪ್ಪಟೆ ತಲೆ. ಬಣ್ಣ ನೋಡೋದು ಪ್ರವಾಸಿಗಳು."

"ಮಂಜು ಬಿದ್ದಾಗ?"

"ಮಂಜು ಬಿದ್ದಾಗ ನಿಂಗೂ ಬಣ್ಣ ಕಾಣಲ್ಲ."

"ಅಷ್ಟಕ್ಕೂ ನಾನಿರ್ತೀನಲ್ಲ ಅಮ್ಮ," ಎಂದಳು ಸಿಲ್ಯೆ, ಬಾಯಿತುಂಬ ಉಪ್ಪಿನಕಾಯಿ ತುಂಬಿಕೊಂಡು. "ನಾನು ಮುಂದೆ ಕೂತು ಹೇಳ್ತಾ ಇರ್ತೀನಿ. ಯಾವಾಗ್ಲೂ."

ಲೋನೆ ಮಗಳನ್ನೂ ಅಪ್ಪನನ್ನೂ ಬಹಳ ಹೊತ್ತು ನೋಡಿದಳು. "ಸರಿ," ಎಂದಳು ಕೊನೆಗೆ. "ಐವತ್ತೇಳು ವರ್ಷದ ಹಿಂದಿನ ಸದ್ದನ್ನ ಮರದ ಆಚೆಯಿಂದ ಗುರುತು ಹಿಡಿಯೋನಿಗೆ ಪರೀಕ್ಷೆ ಯಾಕೆ. ದೋಣಿ ನಿಂದೇ, ತಗೋ."

ಪ್ರೆಬೆನ್ ತಲೆಯಾಡಿಸಿದ. "ಇಲ್ಲ. ಪಂದ್ಯ ಪಂದ್ಯವೇ. ಹಸಿರು ಸಿಗತ್ತೆ ಅಂದಿದ್ದೆ, ಸಿಕ್ಕಿದ್ದು ಕೆಂಪು. ಸೋತವನು ನಾನು. ಸೋಮವಾರ ಹೋಗ್ತೀನಿ."

"ಬೇಡಪ್ಪ, ನಾನು ಬಿಟ್ಟೆ ಅಂದ್ನಲ್ಲ."

"ನೀನು ಬಿಡಬಹುದು. ನಾನು ಬಿಡೋಕಾಗಲ್ಲ."

ಹೀಗೆ, ಯಾರು ಹೇಳಿದರೂ ಹೋಗದವನು ಯಾರೂ ಹೇಳದಿದ್ದಾಗ ಹೋದ. ನಾನು ಹೊರಗಿನ ಕುರ್ಚಿಯಲ್ಲಿ ಕೂತಿದ್ದೆ. ಮುಕ್ಕಾಲು ಗಂಟೆ. ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಸಿದಳಂತೆ, ನೂರರಿಂದ ಏಳೇಳು ಕಳೆಯುತ್ತ ಲೆಕ್ಕ ಹೇಳಿಸಿದಳಂತೆ, ಐದು ಪದ ಕೊಟ್ಟು ಹತ್ತು ನಿಮಿಷ ಬಿಟ್ಟು ಕೇಳಿದಳಂತೆ. ಐದರಲ್ಲಿ ನಾಲ್ಕು ಹೇಳಿದ. ವಯಸ್ಸಿಗೆ ತಕ್ಕ ಹಾಗಿದೆ, ಮುಂದಿನ ವರ್ಷ ಮತ್ತೆ ಬನ್ನಿ, ಒಲೆಗೆ ತಾನೇ ಆರಿಹೋಗುವ ಗುಂಡಿ ಹಾಕಿಸಿ ಎಂದಳು. ಹೊರಗೆ ಬಂದ ಪ್ರೆಬೆನ್ ಗಾಳಿ ಬಿಟ್ಟ ಚೆಂಡಿನ ಹಾಗೆ ಉಸಿರು ಬಿಟ್ಟು ನನ್ನ ಪಕ್ಕ ಕೂತ.

"ಐದನೇ ಪದ ಯಾವ್ದಾಗಿತ್ತು?" ಎಂದು ಕೇಳಿದೆ.

"ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿರ್ಲಿಲ್ವಾ?"

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ದೋಣಿ ಇಳಿಸಿದರು. ಸಿಲ್ಯೆ ಮುಂದೆ ಕೂತಳು, ಅವನು ಹುಟ್ಟು ಹಾಕಿದ. ನಾನು ದಡದಲ್ಲಿ ನಿಂತು ಕೇಳುತ್ತಿದ್ದೆ, ನೀರಿನ ಮೇಲೆ ಮಾತು ದೂರದವರೆಗೆ ಬರುತ್ತದಲ್ಲ.

"ಎಡಕ್ಕೆ ಅಜ್ಜ. ಅದು ಕೆಂಪು."

"ಚಪ್ಪಟೆ ತಲೆ. ನೋಡಿದೆ."

"ಸುಮ್ನೆ ಹೇಳ್ದೆ."

"ಹೇಳ್ತಾ ಇರು," ಎಂದ ಪ್ರೆಬೆನ್.